ಚಿಂತಾಕಿಗೆ ರೈಲಿಲ್ಲ, ಬೆಂಗಳೂರಿಗೆ ನೆಲದೊಳಗೂ ರೈಲು!

ಔರಾದ ತಾಲ್ಲೂಕಿನ ಚಿಂತಾಕಿಯವರು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಬೇಕು. ಬೀದರಕ್ಕೋ ಭಾಲ್ಕಿಗೋ ಬಂದು ಇಳಿದ ಮೇಲೇ ಹಳಿಯ ಮುಖ ಕಾಣುವುದು. ಇಂಥ ಊರಿನಿಂದ ಕೂಲಿಗೆಂದು, ಓದಿಗೆಂದು, ದವಾಖಾನೆಗೆಂದು, ವಿಧಾನಸೌಧದಲ್ಲಿ ಮಲಗಿದ ಫೈಲಿನ ಬೆನ್ನು ಹತ್ತಿ ಬೆಂಗಳೂರಿಗೆ ಹೋದವರು ಹೊಳ್ಳಿ ಬಂದು ಹೇಳುವ ಸುದ್ದಿ ಒಂದಿದೆ: ಅಲ್ಲಿ ಭೂಮಿ ಒಳಗ ರೈಲು ಓಡ್ತಾವ!

ಖರೇ ಮಾತು. ಆದರೆ ಎಲ್ಲಾ ಕಡೆ ಅಲ್ಲ. ಬೆಂಗಳೂರಿನ ‘ನಮ್ಮ ಮೆಟ್ರೊ’ ಬಹುಪಾಲು ಓಡುವುದು ಕಂಬಗಳ ಮೇಲೆ, ಮೂರನೇ ಅಂತಸ್ತಿನ ಕಿಟಕಿಗೆ ಸರಿಸಮ. ಮೊದಲ ಹಂತದ 42.3 ಕಿಲೋಮೀಟರಿನಲ್ಲಿ ನೆಲದೊಳಗಿನದು 8.8 ಕಿಲೋಮೀಟರ್ ಮಾತ್ರ. 40 ನಿಲ್ದಾಣಗಳಲ್ಲಿ ಏಳು ಮಾತ್ರ ನೆಲಮಾಳಿಗೆಯವು. ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲು ನಿಲ್ದಾಣ, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ. ಊರು ಹಳೆಯದಾದಷ್ಟೂ, ಓಣಿ ಇಕ್ಕಟ್ಟಾದಷ್ಟೂ ರೈಲು ಕೆಳಗಿಳಿಯುತ್ತದೆ. ಕಂಬ ನೆಡಲು ಜಾಗವಿದ್ದರೆ ಯಾರೂ ಸುಮ್ಮನೆ ಭೂಮಿ ಅಗೆಯುವುದಿಲ್ಲ. ನೆಲದೊಳಗಿನ ಖರ್ಚು ಮೇಲಿನ ಖರ್ಚಿಗಿಂತ ಎಷ್ಟೋ ಪಾಲು ಹೆಚ್ಚು.

ಬೀದರ ಮಂದಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅಂಗಡಿಗೆ ಮಾಲು ಬೇಕಾದರೂ, ಡಾಕ್ಟರು ಬೇಕಾದರೂ ಅತ್ತಲೇ ಓಟ. 2017ರ ನವೆಂಬರಿನಲ್ಲಿ ಅಲ್ಲಿಯೂ ಮೆಟ್ರೊ ಶುರುವಾಯಿತು. ಆದರೆ ಮೊದಲ ಹಂತದ ಸುಮಾರು 69 ಕಿಲೋಮೀಟರೂ ಮೇಲೆಯೇ. ಒಂದು ಗಜವೂ ನೆಲದೊಳಗಿಲ್ಲ! ಹಾಗಾಗಿ ಹೈದರಾಬಾದಿನಲ್ಲಿ ‘ಭೂಮಿ ಒಳಗಿನ ರೈಲು ಹತ್ತಿ ಬಂದೆ’ ಎಂದು ಯಾರಾದರೂ ಕಟ್ಟೆಯ ಮೇಲೆ ಕೂತು ಹೇಳಿದರೆ, ಅಂಥವರಿಗೆ ಇನ್ನೊಂದು ಚಹಾ ಕುಡಿಸಿ ಕಳಿಸುವುದೇ ಮೇಲು.

ಹೊಗೆ ಉಗುಳುವ ಎಂಜಿನ್ನು!

ಜಗತ್ತಿನ ಮೊದಲ ನೆಲದೊಳಗಿನ ರೈಲು ಓಡಿದ್ದು ಲಂಡನ್ನಿನಲ್ಲಿ, 1863ರ ಜನವರಿ 10ರಂದು. ಆಗ ರೈಲಿಗೆ ಕರೆಂಟಿನ ಮಾತೆಲ್ಲಿ ಬಂತು? ಉಗಿ ಎಂಜಿನ್ನೇ ಸುರಂಗದೊಳಗೆ ಹೊಗೆ ಬಿಡುತ್ತ ಹೋಗುತ್ತಿತ್ತು. ಕೆಮ್ಮುತ್ತ ಕೆಮ್ಮುತ್ತಲೇ ಜನ ಅದರಲ್ಲಿ ಓಡಾಡಿದರು. ಭಾರತದಲ್ಲಿ ಮೊದಲನೆಯದು ಕಲಕತ್ತೆಯದು, 1984ರ ಅಕ್ಟೋಬರ್ 24ರಂದು. ದಕ್ಷಿಣ ಭಾರತದ ಪಾಳಿ ಬಂದದ್ದು 2016ರ ಏಪ್ರಿಲ್ ಕೊನೆಗೆ. ಅದು ಬೆಂಗಳೂರಿನ ಕಬ್ಬನ್ ಪಾರ್ಕಿನಿಂದ ಸಿಟಿ ರೈಲು ನಿಲ್ದಾಣದವರೆಗಿನ 4.8 ಕಿಲೋಮೀಟರು. ಮರು ವರ್ಷ, 2017ರ ಜೂನ್ 17ರಂದು, ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಮೊದಲ ಹಂತದ ಉಳಿದ ಪಾಲನ್ನು ಉದ್ಘಾಟಿಸಿದರು. ಚಿಕ್ಕಪೇಟೆ, ಮಾರುಕಟ್ಟೆಗಳ ಅಡಿಯಲ್ಲಿ ರೈಲು ಓಡತೊಡಗಿದ್ದು ಆಮೇಲೆ.

ಯಶವಂತಪುರದಲ್ಲಿ ಇಳಿಯುವ ಬೀದರ ಪ್ರಯಾಣಿಕರಿಗೆ ಈ ಹಸಿರು ಮಾರ್ಗವೇ ಸಲೀಸು. ಸಂಪಿಗೆ ರಸ್ತೆ ದಾಟುವವರೆಗೆ ಬಿಸಿಲು; ಆಮೇಲೆ ಗಾಡಿ ಮೂಗು ತಗ್ಗಿಸಿ ಕತ್ತಲೆಗೆ ನುಗ್ಗುತ್ತದೆ. ಮೆಜೆಸ್ಟಿಕ್, ಚಿಕ್ಕಪೇಟೆ, ಮಾರುಕಟ್ಟೆ ಮೂರನ್ನೂ ಒಳಗೊಳಗೇ ದಾಟಿ, ನ್ಯಾಷನಲ್ ಕಾಲೇಜಿನ ಹತ್ತಿರ ಮತ್ತೆ ಬೆಳಕಿಗೆ ಬರುತ್ತದೆ. ಸೀರೆ ಮಾಲಿಗೆ ಚಿಕ್ಕಪೇಟೆಗೆ ಹೋಗುವ ವ್ಯಾಪಾರಸ್ಥರು ಆಟೋದವನ ಜೋಡಿ ಜಗಳಾಡುವ ಕಾಲ ಮುಗಿಯಿತು ಅನ್ನಿ. ಮೆಜೆಸ್ಟಿಕ್ಕಿನಲ್ಲಿ ಮಾತ್ರ ಹುಷಾರು. ಅಲ್ಲಿ ನೇರಳೆ ಮಾರ್ಗ, ಹಸಿರು ಮಾರ್ಗ ಎರಡೂ ನೆಲದೊಳಗೇ ಒಂದರ ಮೇಲೊಂದು ಅಂತಸ್ತಿನಲ್ಲಿ ಅಡ್ಡ ಹಾಯುತ್ತವೆ. ಬಣ್ಣ ನೋಡದೆ ಗುಂಪಿನ ಹಿಂದೆ ನಡೆದವರು ಚಿಕ್ಕಪೇಟೆ ಬಿಟ್ಟು ವಿಧಾನಸೌಧದ ಬಾಗಿಲಲ್ಲಿ ಎದ್ದಾರು!

ಇನ್ನೊಂದು ಸೋಜಿಗ. ಈ ರೈಲಿಗೆ ತಲೆಯ ಮೇಲೆ ತಂತಿಯೇ ಇಲ್ಲ. ಹಳಿಗಳ ಪಕ್ಕದಲ್ಲಿ ಮೂರನೆಯ ಹಳಿಯೊಂದಿದೆ. ಅದರಲ್ಲಿ 750 ವೋಲ್ಟಿನ ಕರೆಂಟು. ತಂತಿಗೆ ಜಾಗ ಬಿಡಬೇಕಾಗಿಲ್ಲವಾದ್ದರಿಂದ ಸುರಂಗವೂ ಸಣ್ಣದು, ಒಳ ಅಗಲ ಸುಮಾರು 5.6 ಮೀಟರು. ಹಳಿಯ ನಡುವಿನ ಅಂತರವೂ ಬೀದರದ ರೈಲಿನದಲ್ಲ. ನಮ್ಮದು ಐದೂವರೆ ಅಡಿ. ಅದು ನಾಲ್ಕು ಅಡಿ ಎಂಟೂವರೆ ಇಂಚು. ಆ ಮೂರನೇ ಹಳಿ ನೋಡಲು ಪಾಪದ್ದು, ಮುಟ್ಟಿದರೆ ಯಮ. 2024ರ ಜನವರಿ 1ರಂದು ಇಂದಿರಾನಗರ ನಿಲ್ದಾಣದಲ್ಲಿ ಮಹಿಳೆಯೊಬ್ಬರು ಬಿದ್ದ ಮೊಬೈಲು ತೆಗೆಯಲು ಹಳಿಗೇ ಇಳಿದುಬಿಟ್ಟರು. ಸಿಬ್ಬಂದಿ ತಕ್ಷಣ ಕರೆಂಟು ಬಂದ್ ಮಾಡಿದ್ದರಿಂದ ಜೀವ ಉಳಿಯಿತು. ಏನೇ ಬಿದ್ದರೂ ಸಿಬ್ಬಂದಿಗೆ ಹೇಳಬೇಕು, ತಾವಾಗಿ ಇಳಿಯಬಾರದು.

ಹೆಣ್ಣು ಹೆಸರಿನ ಹೆಗ್ಗಣಗಳು

‘ಅಲ್ರೀ, ಮ್ಯಾಲ ಮನಿ ಅದಾವ, ಅಂಗಡಿ ಅದಾವ, ಬಸ್ಸು ಓಡ್ತಾವ. ಕೆಳಗ ಹೆಂಗ ಅಗಿತಾರ?’ ಎಂಬುದು ನ್ಯಾಯವಾದ ಪ್ರಶ್ನೆ.

ನಿಲ್ದಾಣದ ಜಾಗವನ್ನು ಮೇಲಿನಿಂದಲೇ ದೊಡ್ಡ ಹೊಂಡದಂತೆ ತೋಡುತ್ತಾರೆ. ಒಂದು ಹೊಂಡದಿಂದ ಇನ್ನೊಂದು ಹೊಂಡದವರೆಗೆ ಸುರಂಗ ಕೊರೆಯುವುದು ಯಂತ್ರದ ಕೆಲಸ. ಉದ್ದ ಕೊಳವೆಯಂಥ ಯಂತ್ರ, ಮುಂದೆ ತಿರುಗುವ ದೊಡ್ಡ ಚಕ್ರ, ಚಕ್ರದ ತುಂಬ ಉಕ್ಕಿನ ಹಲ್ಲು. ಮುಂದೆ ಕಲ್ಲು ಮಣ್ಣು ಕಡಿಯುತ್ತ, ಹಿಂದೆ ಕಾಂಕ್ರೀಟಿನ ತುಂಡುಗಳನ್ನು ಬಳೆಯಂತೆ ಜೋಡಿಸುತ್ತ ಸಾಗುತ್ತದೆ. ಹೆಗ್ಗಣ ಬಿಲ ತೋಡಿದಂತೆ. ವ್ಯತ್ಯಾಸವೆಂದರೆ ಈ ಹೆಗ್ಗಣ ತಾನು ತೋಡಿದ ಬಿಲಕ್ಕೆ ತಾನೇ ಗಿಲಾಯಿ ಮಾಡಿಕೊಳ್ಳುತ್ತದೆ.

ಈ ಯಂತ್ರಗಳಿಗೆ ಹೆಣ್ಣಿನ ಹೆಸರಿಡುವುದು ಜಗತ್ತಿನ ತುಂಬ ನಡೆದುಬಂದ ರೂಢಿ. ಯುರೋಪಿನ ಗಣಿ ಕೆಲಸಗಾರರು ಸಂತ ಬಾರ್ಬರಾಳನ್ನು ತಮ್ಮ ಕಾಯುವ ತಾಯಿ ಎಂದು ನಂಬಿದ್ದರ ಫಲ ಅದು. ಬೆಂಗಳೂರಿಗೆ ಮೊದಲು ಬಂದವರು ಹೆಲೆನ್ ಮತ್ತು ಮಾರ್ಗರಿಟಾ. ಆಮೇಲೆ ನಮ್ಮ ನದಿಗಳ ಸರದಿ: ಕೃಷ್ಣಾ, ಕಾವೇರಿ, ಗೋದಾವರಿ. ಇವರಲ್ಲಿ ಗೋದಾವರಿ ಬಲು ಸತಾಯಿಸಿದಳು. ಚಿಕ್ಕಪೇಟೆ ಕಡೆಯ ಕಲ್ಲಿಗೆ ಹಲ್ಲು ಸವೆದು, ಮುಂಚಕ್ರ ಕೆಟ್ಟು, ತಿಂಗಳುಗಟ್ಟಲೆ ನೆಲದೊಳಗೇ ಕುಳಿತಳು. ತಪ್ಪು ಅವಳದಲ್ಲ. ಬೆಂಗಳೂರಿನ ನೆಲ ಒಂದು ಮಾರು ಮೆತ್ತನೆಯ ಮಣ್ಣು, ಮರುಮಾರು ಕಬ್ಬಿಣದಂಥ ಬಂಡೆ. ಮಣ್ಣಿಗೆ ಒಂದು ಹದ, ಕಲ್ಲಿಗೆ ಒಂದು ಹದ. ಎರಡೂ ಒಟ್ಟಿಗೆ ಎದುರಾದರೆ ಯಂತ್ರಕ್ಕೂ ದಿಕ್ಕು ತಪ್ಪುತ್ತದೆ.

ಎರಡನೇ ಹಂತದ ಗುಲಾಬಿ ಮಾರ್ಗ ಇನ್ನೂ ದೊಡ್ಡ ಸಾಹಸ. ಡೇರಿ ಸರ್ಕಲ್ಲಿನಿಂದ ನಾಗವಾರದವರೆಗೆ 13.76 ಕಿಲೋಮೀಟರು ನೆಲದೊಳಗೆ, 12 ನಿಲ್ದಾಣ. ಊರ್ಜಾ, ವಿಂಧ್ಯಾ, ಅವನಿ, ತುಂಗಾ, ಭದ್ರಾ ಮೊದಲಾದ ಒಂಬತ್ತು ಯಂತ್ರಗಳು ಇಲ್ಲಿ ದುಡಿದವು. ಕಂಟೋನ್ಮೆಂಟಿನಿಂದ ಹೊರಟ ಊರ್ಜಾ 2021ರ ಸೆಪ್ಟೆಂಬರಿನಲ್ಲಿ ಶಿವಾಜಿನಗರದಲ್ಲಿ ತಲೆ ಹೊರಹಾಕಿತು. ಎಲ್ಲ ಕೊರೆತ ಮುಗಿದದ್ದು 2024ರ ಅಕ್ಟೋಬರಿನಲ್ಲಿ.

ನಕ್ಷೆಯಲ್ಲಿಲ್ಲದ ಬಾವಿ

ಕಲ್ಲಾದರೂ ಸರಿ, ಕಡಿದರೆ ಆಯಿತು. ಕಷ್ಟ ಕೊಡುವುದು ಹಿಂದಿನವರು ತೋಡಿಟ್ಟು ಮರೆತದ್ದು. 2021ರಲ್ಲಿ ಟ್ಯಾನರಿ ರಸ್ತೆಯ ಕಡೆ ಸುರಂಗದ ಕೆಲಸ ನಡೆದಾಗ ಮನೆಯೊಂದರ ಜಾಗದಲ್ಲಿ ಹಳೆಯ ಬಾವಿ ಕುಸಿದುಹೋಯಿತು. ಯಾವ ಕಾಲದಲ್ಲೋ ಮುಚ್ಚಿ, ಮೇಲೆ ಗಾರೆ ಹಾಕಿ, ಎಲ್ಲರೂ ಮರೆತ ಬಾವಿ. 2023ರ ಜನವರಿ 12ರಂದು ಬ್ರಿಗೇಡ್ ರಸ್ತೆಯಲ್ಲಿ, ಜಾನ್ಸನ್ ಮಾರುಕಟ್ಟೆಯ ಹತ್ತಿರ, ರಸ್ತೆಯೇ ಬಾಯಿ ತೆರೆದು ಬೈಕು ಸವಾರನೊಬ್ಬ ಒಳಗೆ ಬಿದ್ದ. ಕೆಳಗೆ ಸುರಂಗದ ಕೆಲಸ ನಡೆದಿತ್ತು. ಪುಣ್ಯಕ್ಕೆ ಜೀವಕ್ಕೆ ಏನಾಗಲಿಲ್ಲ. ಕಲಕತ್ತೆಯ ಬೌಬಜಾರಿನಲ್ಲಿ ಇದಕ್ಕಿಂತ ಘೋರ. 2019ರ ಆಗಸ್ಟ್ ಕೊನೆಗೆ ಯಂತ್ರ ನೀರಿನ ಸೆಲೆಗೇ ತಾಗಿ, ಮೇಲಿನ ಹಳೆಯ ಮನೆಗಳು ಬಿರಿದು ಬಿದ್ದು, ನೂರಾರು ಮಂದಿ ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದರು.

ಎಲ್ಲವೂ ಆಪತ್ತೇ ಅಲ್ಲ. ಕೆ.ಆರ್. ಮಾರುಕಟ್ಟೆ ನಿಲ್ದಾಣಕ್ಕೆ ತೋಡುವಾಗ, 2012ರಲ್ಲಿ, ಟಿಪ್ಪು ಕಾಲದವೆಂದು ಹೇಳಲಾದ ಎರಡು ಫಿರಂಗಿಗಳು ಸಿಕ್ಕವು. ಪಕ್ಕದಲ್ಲೇ ಹಳೆಯ ಕೋಟೆ ಇರುವುದರಿಂದ ಆಶ್ಚರ್ಯವಿಲ್ಲ. ತರಕಾರಿ ಬುಟ್ಟಿಗಳ ಕೆಳಗೆ ತೋಪು ಮಲಗಿದೆಯೆಂದು ಅಲ್ಲಿ ದಿನಾ ಕೊತ್ತಂಬರಿ ಮಾರುವವರಿಗೆ ಯಾರು ಹೇಳಬೇಕು?

ಮರೆತ ಬಾವಿಯ ಮಾತು ಬಂದಾಗ ಬೀದರದವರು ನಗುವ ಹಾಗಿಲ್ಲ. ನೆಲದೊಳಗೆ ಊರಿನಷ್ಟು ಹಳೆಯ ಜಾಲ ಇಟ್ಟುಕೊಂಡವರು ನಾವೇ. ರೈಲಿನದಲ್ಲ, ನೀರಿನದು. ನೌಬಾದಿನ ಕರೇಜು, ಶುಕ್ಲತೀರ್ಥ, ಜಮನಾ ಮೋರಿ ಮೂರೂ ಬಹಮನಿ ಕಾಲದ ಲೆಕ್ಕಕ್ಕೆ ಸೇರಿದವು. ಇರಾನಿನ ಕಡೆಯಿಂದ ಬಂದ ವಿದ್ಯೆ. ನೀರಿನ ಸೆಲೆ ಇದ್ದಲ್ಲಿ ತಾಯಿಬಾವಿ ತೋಡಿ, ಅಲ್ಲಿಂದ ಊರ ಕಡೆಗೆ ಕಂಡೂ ಕಾಣದ ಇಳಿಜಾರಿನಲ್ಲಿ ಸುರಂಗ ಒಯ್ದು, ನಡುನಡುವೆ ಗಾಳಿಗೂ ಮಣ್ಣೆತ್ತಲಿಕ್ಕೂ ಬಾವಿಬಾಯಿ ಬಿಟ್ಟಿದ್ದಾರೆ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗಿ ನಡೆದು ಬರುತ್ತಿತ್ತು. ನಮ್ಮ ಕೆಂಪು ಜಂಬಿಟ್ಟಿಗೆ ಕಲ್ಲು ಅದಕ್ಕೆ ಹೇಳಿ ಮಾಡಿಸಿದ್ದು. ಕಡಿಯಲು ಮೆತ್ತಗೆ, ಗಾಳಿ ಬಿದ್ದ ಮೇಲೆ ಗಟ್ಟಿ. ಮಳೆನೀರನ್ನು ಅರಿವೆಯಂತೆ ಹೀರಿ ಕೆಳಗೆ ಬಿಡುತ್ತದೆ. ಅಗೆದವರಿಗೆ ಯಂತ್ರವೂ ಇರಲಿಲ್ಲ, ಯಂತ್ರಕ್ಕಿಡಲು ಹೆಸರೂ ಇರಲಿಲ್ಲ. ಗುದ್ದಲಿ, ದೀಪ, ಬುಟ್ಟಿ, ಅಷ್ಟೇ.

ಹೀಗಿದ್ದ ಬಾವಿಬಾಯಿಗಳ ಗತಿ ಏನಾಯಿತು? ಕೆಲವಕ್ಕೆ ಕಸ ತುಂಬಿತು, ಕೆಲವು ಮಣ್ಣಿನಡಿ ಮುಚ್ಚಿಹೋದವು, ಸುತ್ತ ಮನೆಗಳೆದ್ದವು. 2015ರ ಸುಮಾರಿಗೆ ನೌಬಾದಿನ ಕರೇಜಿನ ಹೂಳು ತೆಗೆಯುವ ಕೆಲಸ ನಡೆದ ಮೇಲೆಯೇ ಊರಿನ ಎಷ್ಟೋ ಮಂದಿಗೆ ಕಾಲಡಿಯಲ್ಲಿ ಇಂಥದ್ದಿದೆ ಎಂದು ತಿಳಿದದ್ದು. ಪ್ಲಾಟು ಕೊಳ್ಳುವವರು ಖಾತೆ ಪಹಣಿ ಮಾತ್ರ ನೋಡಿದರೆ ಸಾಲದು. ಹಳಬರನ್ನು ಕೇಳಿ ಕೆಳಗೇನಿದೆ ಎಂಬುದನ್ನೂ ತಿಳಿದುಕೊಂಡರೆ ಮನೆಗೂ ಕ್ಷೇಮ, ಕರೇಜಿಗೂ ಕ್ಷೇಮ.

ಇನ್ನು ರೈಲಿನದೇ ಸುರಂಗ ಬೇಕೆಂದರೆ ಬೀದರದಿಂದ ಕಲಬುರಗಿ ಗಾಡಿ ಹತ್ತಬಹುದು. 2017ರ ಅಕ್ಟೋಬರ್ 29ರಂದು ಶುರುವಾದ ಆ ಹಾದಿಯಲ್ಲಿ ಮರಗುತ್ತಿಯ ಹತ್ತಿರ ಗುಡ್ಡ ಕೊರೆದ ಸುರಂಗವಿದೆ. ಮಕ್ಕಳು ಕೂಗು ಹಾಕುವಷ್ಟರಲ್ಲಿ ಮುಗಿಯುವುದಿಲ್ಲ, ಒಂದೂವರೆ ಕಿಲೋಮೀಟರಿಗೂ ಹೆಚ್ಚು.

ಗಂಟು ಹೊತ್ತವರಿಗೆ

ಮತ್ತೆ ಬೆಂಗಳೂರಿಗೆ ಬರೋಣ. ನಿಲ್ದಾಣಗಳಲ್ಲಿ, ಗಾಡಿಯೊಳಗೆ ಅಚ್ಚ ಕನ್ನಡದಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳಿ, ದಾರಿ ಗೊತ್ತಿಲ್ಲದವರಿಗೆ ಧೈರ್ಯ ಕೊಟ್ಟ ದನಿ ನಿರೂಪಕಿ ಅಪರ್ಣಾ ಅವರದು. 2024ರ ಜುಲೈ 11ರಂದು ಅವರು ತೀರಿಕೊಂಡಾಗ, ಮುಖ ನೋಡದವರೂ ದನಿ ನೆನೆದು ಮರುಗಿದರು. 2025ರ ಆಗಸ್ಟ್ 1ರ ರಾತ್ರಿ ಇದೇ ಮೆಟ್ರೊ, ದಾನ ಬಂದ ಯಕೃತ್ತೊಂದನ್ನು ವೈಟ್‌ಫೀಲ್ಡಿನಿಂದ ರಾಜರಾಜೇಶ್ವರಿ ನಗರಕ್ಕೆ ಮುಟ್ಟಿಸಿತು. ಊರಿನ ಟ್ರಾಫಿಕ್ಕಿಗೆ ಸಿಕ್ಕಿದ್ದರೆ ಆ ರೋಗಿಯ ಪಾಡೇನು?

ಒಂದು ಕಹಿ ಸಂಗತಿಯೂ ಇದೆ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ, ತಲೆಯ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನು ಬಟ್ಟೆ ಮಾಸಿದೆಯೆಂದು ಗೇಟಿನಲ್ಲೇ ತಡೆದರು. ಕೈಯಲ್ಲಿ ಟಿಕೀಟಿತ್ತು. ಪಕ್ಕದ ಪ್ರಯಾಣಿಕರೇ ಎದುರು ನಿಂತು, ‘ಗಂಟಿನಲ್ಲಿ ಬಟ್ಟೆ ಬಿಟ್ಟರೆ ಏನಿದೆ?’ ಎಂದು ಕೇಳಿ ಒಳಗೆ ಬಿಡಿಸಿಕೊಂಡರು. ಸುದ್ದಿ ಊರೆಲ್ಲ ಹಬ್ಬಿದ ಮೇಲೆ ಮೆಟ್ರೊ ನಿಗಮ ಆ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಔರಾದ, ಭಾಲ್ಕಿ ಕಡೆಯಿಂದ ಧೋತರ ಉಟ್ಟು, ಬುತ್ತಿಗಂಟು ಹಿಡಿದು ಹೋಗುವ ಹಿರಿಯರು ನೆನಪಿಡಬೇಕಾದ ಮಾತು ಇದು. ಟಿಕೀಟು ತೆಗೆದವರನ್ನು ಬಟ್ಟೆ ನೋಡಿ ತಡೆಯುವ ಕಾನೂನು ಇಲ್ಲ. ಗಂಟು ತೀರ ದೊಡ್ಡದಿದ್ದರೆ ಮಾತ್ರ ಬೇರೆ ಚೀಟಿ ತೆಗೆಸುತ್ತಾರೆ. ಚಿಕ್ಕಪೇಟೆಯಿಂದ ಮೂಟೆ ತರುವವರು ಅದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ದರವೂ ಮೊದಲಿನದಲ್ಲ. 2025ರ ಫೆಬ್ರುವರಿಯಲ್ಲಿ ಏರಿಸಿದಾಗ ಅತಿ ಕಡಿಮೆ 10 ರೂಪಾಯಿ, ಅತಿ ಹೆಚ್ಚು 60 ಇದ್ದದ್ದು 90 ಆಯಿತು. ಬೆಂಗಳೂರಿನವರೇ ಬೊಬ್ಬೆ ಹೊಡೆದರು. ಯಶವಂತಪುರದಿಂದ ಚಿಕ್ಕಪೇಟೆಗೆ ಅಷ್ಟೊಂದು ಬೀಳುವುದಿಲ್ಲ, ದೂರ ಕಡಿಮೆ. ಟೋಕನ್ ಮಾತ್ರ ಜೋಪಾನ. ಒಳಗೆ ಹೋಗುವಾಗ ತೋರಿಸಬೇಕು, ಹೊರಗೆ ಬರುವಾಗ ಗೇಟಿನ ಬಾಯಿಗೆ ಹಾಕಬೇಕು. ನೆನಪಿಗೆಂದು ಜೇಬಿಗಿಳಿಸಿ ಚಿಂತಾಕಿಗೆ ತರುತ್ತೇನೆಂದರೆ ಗೇಟೇ ತೆರೆಯುವುದಿಲ್ಲ.