ಹವಳದ ಪದರಗಳೂ ಧಾತು ವರ್ಷದ ಕ್ಷಾಮವೂ

ಆಂಡರ್ಸನ್‌ಪೇಟೆಯ ವಿದ್ಯಾರ್ಥಿಗೆ ‘ರೀಫ್’ ಎಂದೊಡನೆ ನೆನಪಾಗುವುದು ಚಾಂಪಿಯನ್ ರೀಫ್, ಅಂದರೆ ಚಿನ್ನವನ್ನೊಳಗೊಂಡ ಬೆಣಚುಕಲ್ಲಿನ ಪಟ್ಟೆ. ಕಡಲಿಗರಲ್ಲಿ ಅದೇ ಶಬ್ದಕ್ಕೆ ಹವಳದ ದಿಬ್ಬವೆಂದು ಅರ್ಥ. ಈ ಎರಡನೆಯ ರೀಫ್ ಚರಿತ್ರಕಾರನಿಗೆ ಒದಗಿಸುವ ಸಾಕ್ಷ್ಯವು ಎಂತಹುದೆಂಬುದನ್ನು ಇಲ್ಲಿ ವಿಚಾರಿಸಬಹುದು.

ಹವಳದ ಜೀವಿಗಳು ಕಡಲ ನೀರಿನಿಂದ ಸುಣ್ಣದ ಅಂಶವನ್ನು ಪಡೆದು ಅಸ್ಥಿಪಂಜರವನ್ನು ಕಟ್ಟಿಕೊಳ್ಳುತ್ತವೆ. ಪೊರೈಟಿಸ್ ಜಾತಿಯ ಹವಳವು ವರ್ಷಕ್ಕೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಅದನ್ನು ಸೀಳಿ ಕ್ಷಕಿರಣದಲ್ಲಿ ನೋಡಿದರೆ, ಮರದ ಉಂಗುರಗಳಂತೆ, ಸಾಂದ್ರವೂ ವಿರಳವೂ ಆದ ಜೋಡಿಪಟ್ಟೆಗಳು ಕಾಣುತ್ತವೆ; ಒಂದು ಜೋಡಿಗೆ ಒಂದು ವರ್ಷ. ಜೀವಂತ ಹವಳದ ಮೇಲ್ಪದರದಿಂದ ಹಿಂದಕ್ಕೆ ಎಣಿಸುತ್ತ ಹೋದರೆ ಪ್ರತಿಯೊಂದು ಪದರದ ಇಸವಿಯೂ ದೊರೆಯುತ್ತದೆ.

ಇನ್ನು ಅದರ ರಸಾಯನ. ಆಮ್ಲಜನಕದ ಸಮಸ್ಥಾನಿಗಳಲ್ಲಿ 16 ಮತ್ತು 18ರ ತೂಕದವು ಇಲ್ಲಿ ಮುಖ್ಯ. ನೀರು ಬೆಚ್ಚಗಾದಷ್ಟೂ ಅಸ್ಥಿಯಲ್ಲಿ ಭಾರವಾದ ಆಮ್ಲಜನಕದ ಪ್ರಮಾಣವು ಕುಗ್ಗುತ್ತದೆ: 1 ಡಿಗ್ರಿ ಸೆಂಟಿಗ್ರೇಡಿಗೆ ಸಾವಿರಕ್ಕೆ ಸುಮಾರು 0.2ರಂತೆ. ಈ ಬಗೆಯ ಉಷ್ಣಮಾಪನದ ತತ್ತ್ವವನ್ನು 1947ರಲ್ಲಿ ಹೆರಾಲ್ಡ್ ಯೂರಿಯವರು ಮಂಡಿಸಿದರು. ಆದರೆ ಇಲ್ಲೊಂದು ತೊಡಕುಂಟು. ಮಳೆನೀರಿನಲ್ಲಿ ಹಗುರವಾದ ಆಮ್ಲಜನಕ ಹೆಚ್ಚು. ಆದುದರಿಂದ ಮಳೆ ಸುರಿದರೂ, ನೀರು ಬೆಚ್ಚಗಾದರೂ ಅಂಕಿಯು ಒಂದೇ ಕಡೆಗೆ ವಾಲುತ್ತದೆ. ಇವೆರಡನ್ನು ಬೇರ್ಪಡಿಸಲು ಸ್ಟ್ರಾನ್ಷಿಯಂ ಮತ್ತು ಕ್ಯಾಲ್ಸಿಯಂಗಳ ಪರಸ್ಪರ ಪ್ರಮಾಣವನ್ನೂ ಅಳೆಯುತ್ತಾರೆ. ಅದು ಬಹುಮಟ್ಟಿಗೆ ಉಷ್ಣತೆಯನ್ನೇ ಅನುಸರಿಸುತ್ತದೆ. ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬನ ಮಾತಿನಿಂದ ಪರೀಕ್ಷಿಸುವ ಈ ಕ್ರಮವು ನಮಗೇನೂ ಹೊಸದಲ್ಲ.

ಹತ್ತಿರದ ನಿದರ್ಶನವೆಂದರೆ ಲಕ್ಷದ್ವೀಪ. ಅದರ ಅಮಿನಿ, ಕಡಮತ್ ಮುಂತಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಕವರತ್ತಿಯ ಹವಳವನ್ನು ಪರೀಕ್ಷಿಸಿ, ಮುಂಗಾರಿನಲ್ಲಿ ಕಡಲಮೈ ತಣ್ಣಗಾಗುವುದು ಅದರಲ್ಲಿ ದಾಖಲಾಗಿದೆಯೆಂದು 1993ರಲ್ಲಿ ಪ್ರಕಟಿಸಿದರು.

‘ಧಾತು ಈಶ್ವರ’ದ ಬರವೆಂದು ಹಿರಿಯರು ಹೇಳುತ್ತಿದ್ದುದು 1876–78ರ ಕ್ಷಾಮವನ್ನು. ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದುಹೋಯಿತು. ಸುಮಾತ್ರದ ಪಶ್ಚಿಮಕ್ಕಿರುವ ಮೆಂಟವಾಯಿ ದ್ವೀಪಗಳ ಹವಳದಲ್ಲಿ, ಅಲ್ಲಿಯ ಕಡಲು 1877ರಲ್ಲಿ ಅಸಾಧಾರಣವಾಗಿ ತಣ್ಣಗಾಗಿದ್ದುದರ ಗುರುತಿದೆ. ಅದೇ ವರ್ಷ ಪೆಸಿಫಿಕ್ ಸಾಗರದಲ್ಲಿ ಪ್ರಬಲವಾದ ಎಲ್ ನಿನ್ಯೊ. ಆದರೆ ಮೈಸೂರಿನಲ್ಲಿ ಮಳೆಯು 1876ರಲ್ಲೇ ಕೈಕೊಟ್ಟಿತ್ತು. 1877ರ ಪದರವೊಂದನ್ನೇ ಹಿಡಿದು ಇಡೀ ಕ್ಷಾಮಕ್ಕೆ ಕಾರಣ ಹೇಳಹೊರಡುವುದು ಅವಸರವಾದೀತು. ಧಾನ್ಯದ ಬೆಲೆ, ಸಾಗಣೆ, ಸರ್ಕಾರದ ನೀತಿ ಇವನ್ನಂತೂ ಹವಳವು ಅರಿಯದು. ಅದಕ್ಕೆ ದಫ್ತರಗಳೇ ಗತಿ.

ಈ ಸಾಕ್ಷ್ಯಕ್ಕೂ ಕೇಡು ಬಂದಿದೆ. 1998ರಲ್ಲಿ ಕಡಲು ಅತಿಯಾಗಿ ಕಾದು ಲಕ್ಷದ್ವೀಪದ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿ ಸತ್ತವು. 2010 ಮತ್ತು 2016ರಲ್ಲಿ ಅದೇ ಮರುಕಳಿಸಿತು. ಸತ್ತ ಹವಳದ ಮೇಲೆ ಹೊಸ ಪದರ ಕೂಡುವುದಿಲ್ಲ. ಹಳೆಯ ಪದರಗಳನ್ನು ಕೊರೆಯುವ ಜೀವಿಗಳೂ ಅಲೆಗಳೂ ಕ್ರಮೇಣ ಪುಡಿಮಾಡುತ್ತವೆ.