ಮೊದಲ ರಕ್ತ ಕಂಡದ್ದು ಯಾವ ವರ್ಷ?

2, 8, 18. ಚೀಟಿಯಲ್ಲಿ ‘ಅಲ್ಸರೇಟಿವ್ ಕೊಲೈಟಿಸ್’, ಅಂದರೆ ದೊಡ್ಡ ಕರುಳಿನಲ್ಲಿ ಹುಣ್ಣೆಬ್ಬಿಸುವ ಉರಿಯೂತ, ಎಂದು ಬರೆಸಿಕೊಂಡು ಬಂದವರು ರಾತ್ರಿ ಮೊಬೈಲ್ ಹಿಡಿದು ಕೂತರೆ ಎದುರಾಗುವ ಅಂಕಿಗಳಿವು. ಕಾಯಿಲೆಗೆ ಹತ್ತು ವರ್ಷ ತುಂಬುವಷ್ಟರಲ್ಲಿ ನೂರರಲ್ಲಿ ಇಬ್ಬರಿಗೆ, ಇಪ್ಪತ್ತು ತುಂಬುವಷ್ಟರಲ್ಲಿ ಎಂಟು ಮಂದಿಗೆ, ಮೂವತ್ತಕ್ಕೆ ಹದಿನೆಂಟು ಮಂದಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಅದುವರೆಗಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಕೂಡಿಸಿ ಬ್ರಿಟನ್ನಿನ ವೈದ್ಯರು 2001ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಲೆಕ್ಕವೇನೋ ಸುಳ್ಳಲ್ಲ. ಆದರೆ ಅದರಲ್ಲಿ ಹಲವು ಅಧ್ಯಯನಗಳು ದೊಡ್ಡ ಆಸ್ಪತ್ರೆಗಳಿಂದ ಬಂದವು. ಅಂಥ ಕಡೆ ಸೇರುವವರೇ ಕಾಯಿಲೆ ಕೈಮೀರಿದವರು. ಕಾಯಿಲೆ ಸೌಮ್ಯವಾಗಿದ್ದು ಊರ ಡಾಕ್ಟರ ಹತ್ತಿರವೇ ಮಾತ್ರೆ ತೆಗೆದುಕೊಂಡವರು ಆ ಲೆಕ್ಕಕ್ಕೆ ಸಿಕ್ಕಿದ್ದೇ ಕಡಿಮೆ.

ಆಸ್ಪತ್ರೆಯನ್ನು ಬಿಟ್ಟು ಇಡೀ ದೇಶವನ್ನೇ ಎಣಿಸಿದಾಗ ಚಿತ್ರ ಬೇರೆಯಾಯಿತು. ಡೆನ್ಮಾರ್ಕಿನ ರಾಷ್ಟ್ರೀಯ ದಾಖಲೆಗಳಲ್ಲಿದ್ದ 47 ಸಾವಿರಕ್ಕೂ ಹೆಚ್ಚು ಕರುಳಿನ ಉರಿಯೂತದ ರೋಗಿಗಳನ್ನು ನೋಡಿದ 2012ರ ಅಧ್ಯಯನದಲ್ಲಿ, ಅಲ್ಸರೇಟಿವ್ ಕೊಲೈಟಿಸ್ ಇದ್ದವರ ಒಟ್ಟಾರೆ ಅಪಾಯ ಉಳಿದ ಜನರಿಗಿಂತ ಹೆಚ್ಚೇನೂ ಇರಲಿಲ್ಲ. ಸ್ವೀಡನ್ ಮತ್ತು ಡೆನ್ಮಾರ್ಕ್ ಸೇರಿ 96 ಸಾವಿರ ರೋಗಿಗಳನ್ನು ಗಮನಿಸಿದ 2020ರ ವರದಿ ಅಷ್ಟು ಸಮಾಧಾನದ್ದಲ್ಲ. ವರ್ಷಕ್ಕೆ ಸಾವಿರ ರೋಗಿಗಳಲ್ಲಿ ಸುಮಾರು 1.3 ಮಂದಿಗೆ ಕ್ಯಾನ್ಸರ್, ಕಾಯಿಲೆ ಇಲ್ಲದವರಲ್ಲಿ 0.8. ಅಪಾಯ ಇದೆ, ಹಿಂದಿನಷ್ಟಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ಆದರೆ ಸರಾಸರಿ ನಂಬಿ ಸುಮ್ಮನೆ ಕೂರುವಂತಿಲ್ಲ. ಹುಣ್ಣು ಎಷ್ಟು ದೂರ ಹಬ್ಬಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸ್ವೀಡನ್ನಿನ 1990ರ ಪ್ರಸಿದ್ಧ ಅಧ್ಯಯನದಲ್ಲಿ ಉರಿಯೂತ ಗುದನಾಳಕ್ಕಷ್ಟೇ ಸೀಮಿತವಾಗಿದ್ದವರ ಅಪಾಯ ಸಾಮಾನ್ಯರ 1.7 ಪಟ್ಟು, ಇಡೀ ದೊಡ್ಡ ಕರುಳಿಗೆ ಹಬ್ಬಿದ್ದವರದು ಸುಮಾರು 15 ಪಟ್ಟು. ಕಾಯಿಲೆಯ ಹೆಸರು ಇಬ್ಬರಿಗೂ ಒಂದೇ! ಇದರ ಜೊತೆಗೆ ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, ಕಾಯಿಲೆ ಚಿಕ್ಕ ವಯಸ್ಸಿನಲ್ಲೇ ಶುರುವಾಗಿದ್ದರೆ, ಪಿತ್ತನಾಳಗಳು ಉರಿಯೂತದಿಂದ ಕಿರಿದಾಗುವ ‘ಪಿಎಸ್‌ಸಿ’ ಎಂಬ ಇನ್ನೊಂದು ಕಾಯಿಲೆಯೂ ಅಂಟಿಕೊಂಡಿದ್ದರೆ ಅಪಾಯ ಏರುತ್ತದೆ. ಕರುಳಿನ ಉರಿಯೂತದ ಇನ್ನೊಂದು ಬಗೆಯಾದ ಕ್ರೋನ್ಸ್ ಕಾಯಿಲೆ ದೊಡ್ಡ ಕರುಳಿನ ಬಹುಭಾಗವನ್ನು ಹಿಡಿದಿದ್ದರೆ ಅವರಿಗೂ ಇದೇ ಮಾತು.

ಹೀಗೇಕೆ? ಉರಿಯೂತವಿರುವ ಒಳಪದರದಲ್ಲಿ ಕೋಶಗಳು ಸಾಯುತ್ತಲೇ ಇರುತ್ತವೆ, ಜಾಗ ತುಂಬಲು ಹೊಸವು ಹುಟ್ಟುತ್ತಲೇ ಇರುತ್ತವೆ. ಹತ್ತಾರು ವರ್ಷ ಹೀಗೇ ನಡೆದರೆ ಎಲ್ಲೋ ನಕಲು ತಪ್ಪುತ್ತದೆ. ಕೋಶದ ಕಾವಲುಗಾರ ಎನಿಸಿದ ಪಿ53 ಜೀನ್ ಇಲ್ಲಿ ಬೇಗನೇ ಕೆಡುತ್ತದೆ. ಮಾಮೂಲಿ ಕರುಳಿನ ಕ್ಯಾನ್ಸರಿನಲ್ಲಿ ಅದು ಕೆಡುವುದು ಕೊನೆಕೊನೆಗೆ. ಕೆಟ್ಟ ಕೋಶಗಳು ಒಂದೆಡೆ ಗಂಟಾಗಿ ನಿಲ್ಲದೆ ಅಗಲಕ್ಕೆ ಹರಡಿಕೊಳ್ಳಬಹುದು. ಆಗ ಪರೀಕ್ಷೆಯಲ್ಲಿ ಹುಡುಕಬೇಕಾದದ್ದು ಎದ್ದು ಕಾಣುವ ಗಡ್ಡೆಯಲ್ಲ, ಚಪ್ಪಟೆಯಾದ ಒಂದು ಮಚ್ಚೆ.

ಅದಕ್ಕೇ ಕಾವಲು ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆಯನ್ನು ಗುದದ್ವಾರದಿಂದ ತೂರಿಸಿ ದೊಡ್ಡ ಕರುಳನ್ನು ಆಗಾಗ ನೋಡುವ ಪರೀಕ್ಷೆ. ಯುರೋಪಿನ ಮಾರ್ಗಸೂಚಿಯಂತೆ ಎಂಟು ವರ್ಷಕ್ಕೆ ಮೊದಲ ತಪಾಸಣೆ, ಆಮೇಲೆ ಅಪಾಯ ನೋಡಿಕೊಂಡು ಒಂದು, ಎರಡು-ಮೂರು ಅಥವಾ ಐದು ವರ್ಷಕ್ಕೊಮ್ಮೆ. ಪಿಎಸ್‌ಸಿ ಇದ್ದವರಿಗೆ ಅದು ಗೊತ್ತಾದ ದಿನದಿಂದಲೇ, ಪ್ರತಿ ವರ್ಷ. ಗುದನಾಳದಲ್ಲಷ್ಟೇ ಹುಣ್ಣಿದ್ದವರಿಗೆ ಈ ಓಡಾಟ ಬೇಕಿಲ್ಲ.

ಎಂಟು ವರ್ಷ ಅಂದರೆ ಯಾವಾಗಿನಿಂದ? ನಮ್ಮಲ್ಲಿ ಎಡವುವುದು ಇಲ್ಲೇ. ಎಣಿಸಬೇಕಾದದ್ದು ಡಾಕ್ಟರು ಕಾಯಿಲೆಗೆ ಹೆಸರಿಟ್ಟ ದಿನದಿಂದಲ್ಲ, ಲಕ್ಷಣ ಶುರುವಾದಾಗಿನಿಂದ. ಮಲದಲ್ಲಿ ರಕ್ತ ಕಂಡರೆ ನಮ್ಮ ಊರುಗಳಲ್ಲಿ ಬರುವ ಮೊದಲ ಮಾತು ‘ಮೂಲವ್ಯಾಧಿ ಇರಬೇಕು’ ಎಂದು. ಖಾರ ಬಿಡು, ಮಜ್ಜಿಗೆ ಕುಡಿ. ಬಸ್‌ ಸ್ಟ್ಯಾಂಡಿನ ಗೋಡೆಯಲ್ಲಿ ‘ಆಪರೇಷನ್ ಇಲ್ಲದೆ ಗುಣ’ ಎಂಬ ಪೋಸ್ಟರು ಇದ್ದೇ ಇರುತ್ತದೆ. ರಾತ್ರಿ ಎಬ್ಬಿಸಿ ಓಡಿಸುವ ಭೇದಿ, ಇಳಿಯುತ್ತಿರುವ ತೂಕ, ಇವು ಮೂಲವ್ಯಾಧಿಯ ಗುಣಗಳಲ್ಲ. ಆದರೆ ಇದನ್ನೆಲ್ಲ ಬಾಯಿಬಿಟ್ಟು ಹೇಳಲು ನಾಚಿಕೆ. ಕ್ರೋನ್ಸ್‌ನದು ಇನ್ನೊಂದು ಫಜೀತಿ. ಕರುಳಿನ ಕ್ಷಯಕ್ಕೂ ಅದಕ್ಕೂ ಎಷ್ಟು ಹೋಲಿಕೆಯೆಂದರೆ ಬಯಾಪ್ಸಿ ನೋಡಿಯೂ ತೀರ್ಮಾನಿಸಲಾಗದೆ ಮೊದಲು ಟಿಬಿ ಮಾತ್ರೆ ಕೊಟ್ಟು ನೋಡುವುದು ಭಾರತದಲ್ಲಿ ಹೊಸತಲ್ಲ. ಹೀಗೆ ವರ್ಷಗಟ್ಟಲೆ ಅಲೆದು ಬಂದವರ ಫೈಲಿನಲ್ಲಿ ಮೊದಲ ವರ್ಷ ಎಂದು ನಮೂದಾಗುವುದು ಕಾಯಿಲೆಯ ನಾಲ್ಕನೆಯದೋ ಐದನೆಯದೋ ವರ್ಷ. ‘ರಕ್ತ ಮೊದಲು ಕಂಡದ್ದು ಯಾವಾಗ, ಮಗಳ ಮದುವೆಗೆ ಮುಂಚೆಯೋ ಆಮೇಲೋ?’ ಎಂದು ಕೆದಕಿ ಕೇಳುವ ಡಾಕ್ಟರು ಸಿಕ್ಕರೆ ಪುಣ್ಯ.

ಇನ್ನೊಂದು ತಕರಾರು: ‘ಈಗ ಆರಾಮಾಗಿದ್ದೀನಲ್ಲ ಸಾರ್, ಸ್ಕೋಪಿ ಯಾಕೆ?’ ಆರಾಮಾಗಿದ್ದಾಗಲೇ ಮಾಡಬೇಕು. ಕರುಳು ಕೆರಳಿರುವಾಗ ಬರೀ ಉರಿಯೂತಕ್ಕೆ ಸಿಕ್ಕ ಕೋಶಗಳೇ ಸೂಕ್ಷ್ಮದರ್ಶಕದಡಿ ಕ್ಯಾನ್ಸರಿನ ಮುನ್ನಾಹಂತದಂತೆ ಕಂಡು ದಾರಿ ತಪ್ಪಿಸುತ್ತವೆ. ಹಿಂದಿನ ದಿನ ಪುಡಿ ಕಲಸಿದ ನೀರನ್ನು ಲೀಟರುಗಟ್ಟಲೆ ಕುಡಿದು ಹೊಟ್ಟೆ ತೊಳೆದುಕೊಳ್ಳುವುದೇ ಹಿಂಸೆ, ಒಪ್ಪೋಣ. ಒಳಗೆ ಹೋದ ಮೇಲೆ ಹಿಂದೆಲ್ಲ ಹತ್ತು ಸೆಂಟಿಮೀಟರಿಗೊಮ್ಮೆ ನಾಲ್ಕು ದಿಕ್ಕಿನಿಂದಲೂ ಚೂರು ಕಿತ್ತು ಲ್ಯಾಬಿಗೆ ಕಳಿಸುತ್ತಿದ್ದರು, ಒಬ್ಬರಿಂದ ಮೂವತ್ತಕ್ಕೂ ಹೆಚ್ಚು ಚೂರು. ಈಗ ಹಲವು ಕಡೆ ಬಣ್ಣ ಸಿಂಪಡಿಸುತ್ತಾರೆ. ಬಿಳಿ ಬಟ್ಟೆಗೆ ಹಾಕುವ ನೀಲಿಯಂಥ ದ್ರವ ನಳಿಕೆಯ ತುದಿಯಿಂದ ಚಿಮ್ಮಿ ಗುಲಾಬಿ ಗೋಡೆಯ ಮೇಲೆ ಇಳಿಯುತ್ತದೆ, ಸಣ್ಣ ಸಣ್ಣ ತಗ್ಗುಗಳಲ್ಲಿ ನಿಲ್ಲುತ್ತದೆ. ಆರೋಗ್ಯವಾಗಿರುವ ಕಡೆ ಚುಕ್ಕಿಗಳ ಸಾಲು ಒಂದೇ ಸಮನಾಗಿ ಕಾಣುತ್ತದೆ. ಆ ಸಾಲು ಕದಡಿದ, ಅಂಚು ಒಂದಿಷ್ಟೇ ಎದ್ದ ಜಾಗ ಮಾನಿಟರಿನಲ್ಲಿ ಕಂಡರೆ ಡಾಕ್ಟರ ಕೈ ಅಲ್ಲೇ ನಿಲ್ಲುತ್ತದೆ. ಬಯಾಪ್ಸಿ ಅಲ್ಲಿಂದಲೇ. ಆ ಮಚ್ಚೆಯನ್ನು ಸ್ಕೋಪಿಯಲ್ಲೇ ಪೂರ್ತಿ ಕತ್ತರಿಸಿ ತೆಗೆಯಲು ಸಾಧ್ಯವಾದರೆ ಕರುಳು ಉಳಿಯಿತು. ಇಲ್ಲವಾದರೆ ಇಡೀ ದೊಡ್ಡ ಕರುಳನ್ನೇ ತೆಗೆಯುವ ಮಾತು ಬರುತ್ತದೆ.

ಔಷಧದ ವಿಷಯದಲ್ಲೂ ಭಯ ಕಡಿಮೆಯಿಲ್ಲ. ಉರಿಯೂತವನ್ನು ಅದುಮಿಡುವ ಅಜಾಥಯೋಪ್ರಿನ್ ತೆಗೆದುಕೊಳ್ಳುವವರಲ್ಲಿ ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್ ಹೆಚ್ಚುತ್ತದೆ ಎಂದು ಫ್ರಾನ್ಸಿನಲ್ಲಿ 19 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ ಅಧ್ಯಯನ 2009ರಲ್ಲಿ ಹೇಳಿತು. ಪಟ್ಟು ಕೇಳಿದರೆ ಐದು, ಎದೆ ಝಲ್ಲೆನ್ನುತ್ತದೆ. ತಲೆ ಎಣಿಸಿದರೆ ವರ್ಷಕ್ಕೆ ಸಾವಿರ ಮಂದಿಯಲ್ಲಿ ಒಬ್ಬರಿಗಿಂತ ಕಡಿಮೆ. ವಯಸ್ಸಾದವರಿಗೆ ಡಾಕ್ಟರು ಅದನ್ನು ಬರೆಯುವಾಗ ಎರಡು ಸಲ ಯೋಚಿಸುತ್ತಾರೆ. ಹರೆಯದ ಹುಡುಗರಿಗೆ ಇನ್‌ಫ್ಲಿಕ್ಸಿಮ್ಯಾಬ್ ಚುಚ್ಚುಮದ್ದಿನ ಜೊತೆ ಅದನ್ನು ವರ್ಷಗಟ್ಟಲೆ ಕೊಡಲು ಹಿಂಜರಿಯುತ್ತಾರೆ, ಏಕೆಂದರೆ ಬಲು ಅಪರೂಪದ, ಬಲು ಕೆಟ್ಟ ಒಂದು ಲಿಂಫೋಮಾ ಹೆಚ್ಚಾಗಿ ಕಂಡಿರುವುದು ಅವರಲ್ಲೇ.