ಪರದೇಶ ಪ್ರಯಾಣವೂ ಹಳೆಯ ಬೇನೆಯೂ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮನೆತನಗಳಲ್ಲಿ ಅಮೇರಿಕೆಯಲ್ಲಿ ನೆಲೆಸಿದ ಮಗನೋ ಮಗಳೋ ಇರುವುದು ಈಗ ಅಪರೂಪದ ಮಾತಲ್ಲ. ಅಂಥ ಮಕ್ಕಳು ತಂದೆತಾಯಿಗಳನ್ನು ಕಾಯಮ್ಮಾಗಿ ಕರೆಯಿಸಿಕೊಳ್ಳುವ ಯೋಚನೆ ಮಾಡಿದೊಡನೆ ಕೆಲವರ ಮನದಲ್ಲಿ ಅಳುಕು ಹುಟ್ಟುವುದು: "ಇಪ್ಪತ್ತು ವರುಷದ ಹಿಂದೆ ನನಗೆ ಕ್ಷಯವಾಗಿತ್ತಲ್ಲ, ಅದನ್ನು ಹೇಳಲೋ ಬಿಡಲೋ?" ಬೀಗರ ಮುಂದೆಯೂ ಮುಚ್ಚಿಟ್ಟ ಮಾತನ್ನು ಪರದೇಶದ ಅಧಿಕಾರಿಯ ಮುಂದೆ ಬಿಚ್ಚುವುದೆಂತು?

ಮೊಮ್ಮಕ್ಕಳನ್ನು ನೋಡಿ ಬರಲು ಹೋಗುವವರಿಗೆ ಸಾಮಾನ್ಯವಾಗಿ ಈ ವೈದ್ಯಪರೀಕ್ಷೆಯೇ ಇಲ್ಲ. ನೆಲೆಸಲು ಹೋಗುವವರು ಮಾತ್ರ ಆ ಸರಕಾರವು ನೇಮಿಸಿದ ಡಾಕ್ಟರರಲ್ಲಿಗೆ ಹೋಗತಕ್ಕದ್ದು. ಬಾಲ್ಯದ ಕಾಮಾಲೆ, ವಿಷಮಜ್ವರ, ಅಪೆಂಡಿಕ್ಸಿನ ಶಸ್ತ್ರಕ್ರಿಯೆ ಇವುಗಳಿಂದ ಪ್ರಯಾಣ ನಿಲ್ಲದು. ಮಧುಮೇಹ, ರಕ್ತದೊತ್ತಡಗಳನ್ನು ಬರೆದುಕೊಳ್ಳುವರು. ಅಮೇರಿಕೆಯ ಮಟ್ಟಿಗೆ ಅವು ತಾವಾಗಿ ತಡೆಯಾಗವು. ಕೆನಡಾದವರು ಮಾತ್ರ ಮುಂದಿನ ಚಿಕಿತ್ಸೆಯ ವೆಚ್ಚವನ್ನೂ ಲೆಕ್ಕ ಹಾಕುವುದುಂಟು.

ಕ್ಷಯದ ಮಾತು ಬೇರೆ. ಹದಿನೈದು ವರುಷಕ್ಕೆ ಮೇಲ್ಪಟ್ಟವರೆಲ್ಲರ ಎದೆಯ ಎಕ್ಸ್‌ರೇ ತೆಗೆಯುವರು. ಬೇನೆ ವಾಸಿಯಾದರೂ ಶ್ವಾಸಕೋಶದಲ್ಲಿ ಅದರ ಕಲೆ ಉಳಿದಿರಬಹುದು. ನಾಲಗೆ ಮರೆಮಾಚಿದುದನ್ನು ಚಿತ್ರವು ಹೇಳಿಬಿಡುತ್ತದೆ. ಕಲೆ ಕಂಡರೆ ಮೂರು ದಿನ ಮುಂಜಾನೆ ಕಫವನ್ನು ತೆಗೆದುಕೊಂಡು, ಅದರಲ್ಲಿ ಜೀವಂತ ರೋಗಾಣುಗಳು ಬೆಳೆಯುವವೋ ಎಂದು ಸುಮಾರು ಎಂಟು ವಾರ ಕಾಯುವರು. ಬೆಳೆಯದಿದ್ದರೆ ಪ್ರಯಾಣಕ್ಕೆ ಅಪ್ಪಣೆ ದೊರೆಯುವುದು. ಅಲ್ಲಿಗೆ ಹೋದ ಮೇಲೆ ಇನ್ನೊಮ್ಮೆ ತಪಾಸಣೆಯಾಗುವುದು, ಅಷ್ಟೆ. ಬೆಳೆದರೆ ಚಿಕಿತ್ಸೆ ಮುಗಿಯುವವರೆಗೆ ತಡೆ. ಬೇಕೆಂದೇ ಸುಳ್ಳು ಹೇಳಿದ್ದು ಸಿದ್ಧವಾದರೆ ಮಾತ್ರ ಆ ದೇಶದ ಬಾಗಿಲು ಶಾಶ್ವತವಾಗಿ ಮುಚ್ಚಿಹೋಗಬಹುದು. ಹಳೆಯ ಬೇನೆಗಿಂತ ಮುಚ್ಚಿಟ್ಟ ಬೇನೆಯೇ ಇಲ್ಲಿ ಹೆಚ್ಚು ಅಪಾಯಕರ. ಕೊಲ್ಲಿ ರಾಷ್ಟ್ರಗಳ ನಿಯಮವು ಕಠಿನ. ಅಲ್ಲಿಗೆ ಉದ್ಯೋಗಕ್ಕೆ ಹೋಗುವವನನ್ನು ಒಣಗಿದ ಕಲೆಗಾಗಿಯೂ ತಡೆಯುವುದುಂಟು. ಇದು ನ್ಯಾಯವೆಂದು ನನಗೆ ತೋರದು.

ಕ್ಷುಲ್ಲಕ ಬೇನೆಯ ನೆವದಿಂದ ಮನುಷ್ಯನನ್ನು ಹಿಂದಿರುಗಿಸುವುದು ಹೊಸತಲ್ಲ. 1910ರ ಸುಮಾರಿಗೆ ಸಾನ್‌ಫ್ರಾನ್ಸಿಸ್ಕೋ ಬಳಿಯ ಏಂಜೆಲ್ ದ್ವೀಪದಲ್ಲಿ ಇಳಿದ ಹಿಂದೂಸ್ಥಾನದ ಅನೇಕ ಕೂಲಿಕಾರರನ್ನು ಕೊಕ್ಕೆಹುಳುವಿನ ಕಾರಣ ಹೇಳಿ ಮರಳಿ ಕಳಿಸಿದರು. ಬರಿಗಾಲಿನ ಒಕ್ಕಲಿಗನಿಗೆ ತಗಲುವ ಹುಳವದು. ಔಷಧಕ್ಕೆ ಬೇಗನೆ ಬಗ್ಗುವಂಥದು! ಮುಂದೆ ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದಲ್ಲಿ ಸೇವೆಗೈದ ಡಾ. ನಾ. ಸು. ಹರ್ಡೀಕರರು ಅಮೇರಿಕೆಗೆ ಓದಲು ಹೋದುದು ಅದೇ ದಶಕದಲ್ಲಿ. ಆ ಕಾಲದ ಪ್ರಯಾಣಿಕನಿಗೆ ಕಾಗದಪತ್ರಗಳ ಆಸರೆಯಿರಲಿಲ್ಲ, ನಮಗೆ ಇದೆ.

ಆದುದರಿಂದ ಗೃಹಿಣಿಯರು ಹಳೆಯ ಎಕ್ಸ್‌ರೇ ಚಿತ್ರಗಳನ್ನು ಅಟ್ಟದ ಮೇಲೆ ಬಿಸುಡದೆ ಪೆಟ್ಟಿಗೆಯಲ್ಲಿಡಬೇಕು. ಯಾವ ಔಷಧ, ಎಂದು ಆರಂಭ, ಎಂದು ಮುಕ್ತಾಯ ಎಂಬುದನ್ನು ಚಿಕಿತ್ಸೆ ಮಾಡಿದ ಡಾಕ್ಟರರಿಂದ ಬರೆಯಿಸಿಕೊಳ್ಳಬೇಕು. 2012ರಿಂದೀಚೆಗೆ ಕ್ಷಯರೋಗಿಗಳ ದಾಖಲೆಗಾಗಿ ಸರಕಾರದ 'ನಿಕ್ಷಯ್' ವ್ಯವಸ್ಥೆಯಿದೆ. ಅದಕ್ಕೂ ಹಿಂದಿನವರಿಗೆ ಕೈಯಲ್ಲಿರುವ ಚೀಟಿಯೇ ಗತಿ. ಇನ್ನೊಂದು ಮಾತು: ಎದೆಯಲ್ಲಿ ಕಲೆಯಿದೆಯೆಂದು ಗೊತ್ತಿದ್ದವರು ಆ ಎಂಟು ವಾರಗಳ ಫಲ ಕೈಸೇರುವ ಮೊದಲು ವಿಮಾನದ ಟಿಕೇಟು ಕೊಳ್ಳಬಾರದು, ಹೊಲಮನೆಗಳನ್ನು ಪಾಲಿಗೆ ಕೊಡುವ ಮಾತನ್ನೂ ಆಡಬಾರದು.